ಕೈಯಲ್ಲಿರುವ ದುಡ್ಡಿಗೆ ನಂಬಬಹುದಾದ ಲ್ಯಾಪ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಜನ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಕೂಡಿಟ್ಟ ದುಡ್ಡಲ್ಲಿ ಕೊಳ್ಳುವವರಿಗೆ ಯಂತ್ರ ಕೈಕೊಟ್ಟರೆ ಇನ್ನೊಂದನ್ನು ಬೇಗ ಕೊಳ್ಳೋಕೆ ಆಗುವುದಿಲ್ಲ. ಅದಕ್ಕೇ ಕೆಲವು ಉತ್ತರಗಳನ್ನು ಬಿಡಿಸಿ ಬರೆದಿದ್ದೇನೆ.

## ಶುರು ಮಾಡುವವರಿಗೆ

ದುಡ್ಡು ಕಡಿಮೆ ಇದೆ. ಮೊದಲು ಏನನ್ನ ನೋಡ್ಬೇಕು?

ಆಮೇಲೆ ಬದಲಿಸೋಕೆ ಆಗದ ಭಾಗಗಳನ್ನು ಮೊದಲು ನೋಡಿ. ನನ್ನ ಎಲ್ಲ ಸಲಹೆಗಳೂ ಇದೊಂದರಿಂದಲೇ ಹುಟ್ಟುತ್ತವೆ.

ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಮದರ್‌ಬೋರ್ಡ್ ಎಂಬ ಒಳಗಿನ ಮುಖ್ಯ ಬೋರ್ಡ್‌ಗೆ ಬೆಸುಗೆ ಹಾಕಿ ಕೂತಿರುತ್ತದೆ. ಅದನ್ನು ಬದಲಿಸುವ ಮಾತೇ ಇಲ್ಲ. ಪರದೆ, ಕೀಬೋರ್ಡ್, ಹಿಂಜ್ (ಪರದೆ ತೆರೆದು ಮುಚ್ಚುವ ಕೀಲು), ಹೊರಕವಚ ಇವನ್ನು ಬದಲಿಸಬಹುದು, ಆದರೆ ಖರ್ಚು ಜಾಸ್ತಿ, ಬಿಡಿಭಾಗ ಸಿಗೋದೂ ಕಷ್ಟ. ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ಡ್ರೈವ್), ಬಿಚ್ಚಿ ತೆಗೆಯಬಹುದಾದ ರ‍್ಯಾಮ್ (ತೆರೆದಿರುವ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ), ಬ್ಯಾಟರಿ ಇವು ಹಾಗಲ್ಲ. ಒಂದೆರಡು ವರ್ಷ ಬಿಟ್ಟು, ಕೈಯಲ್ಲಿ ದುಡ್ಡು ಓಡಾಡಿದಾಗ ಹಾಕಿಸಿಕೊಳ್ಳಬಹುದು.

ಜಾಹೀರಾತಿನಲ್ಲಿ ಇದು ತಿರುಗಾಮುರುಗಾ. 512 ಜಿಬಿ, 1 ಟಿಬಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಪರದೆಯ ಬೆಳಕು ಎಷ್ಟು, ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದೆಯಾ ಎಂಬುದು ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ನೀವು ಆ ಸಣ್ಣಕ್ಷರದಿಂದಲೇ ಓದೋಕೆ ಶುರು ಮಾಡಿ.

ಓದೋಕೆ, ಬರೆಯೋಕೆ, ವಿಡಿಯೋ ಕ್ಲಾಸ್‌ಗೆ ಅಷ್ಟೇ. ಯಾವುದಾದ್ರೂ ಸಾಕಲ್ವಾ?

ಹೆಚ್ಚುಕಮ್ಮಿ ಹೌದು. ಆದರೆ ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ಜೊತೆಗೊಂದು ವಿಡಿಯೋ ಕರೆ, ಹಿಂದೆ ಒಂದು ಡಾಕ್ಯುಮೆಂಟ್ ತೆರೆದಿದ್ದರೆ ಅದು ಹಗುರ ಕೆಲಸವೇನಲ್ಲ. ತೀರಾ ಅಗ್ಗದ, 4 ಜಿಬಿ ರ‍್ಯಾಮ್ ಇರುವ ಯಂತ್ರಗಳು ಇಲ್ಲೇ ಮುಗ್ಗರಿಸುತ್ತವೆ. ವಿಡಿಯೋ ಎಡಿಟಿಂಗ್, ದೊಡ್ಡ ಗೇಮ್, ಮೂರು ಆಯಾಮದ ಡಿಸೈನ್ ಮಾಡದವರಿಗೆ ಮಧ್ಯಮ ಪ್ರೊಸೆಸರ್, ಒಳ್ಳೆ ಎಸ್‌ಎಸ್‌ಡಿ, ತಕ್ಕಷ್ಟು ರ‍್ಯಾಮ್ ಸಾಕು.

8 ಜಿಬಿ ರ‍್ಯಾಮ್ ಸಾಕಾ, 16 ಬೇಕೇ ಬೇಕಾ?

ರ‍್ಯಾಮ್ ಆಮೇಲೆ ಹಾಕಿಸಬಹುದಾದರೆ 8 ಜಿಬಿಯಿಂದ ಶುರು ಮಾಡಿ. ಬೋರ್ಡ್‌ಗೆ ಬೆಸೆದಿದ್ದರೆ, ಸ್ಲಾಟೇ ಇಲ್ಲದಿದ್ದರೆ, 16 ಜಿಬಿ ಇರುವುದನ್ನೇ ಹುಡುಕಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟರಲ್ಲಿ ಅದು ಶುರುವಾಗುತ್ತದೆ, ಕೆಲಸ ಸಾಗುವುದಿಲ್ಲ.

ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಮಿಕ್ಕಿದ್ದನ್ನು ಎಸ್‌ಎಸ್‌ಡಿಗೆ ಬರೆದಿಟ್ಟು, ಬೇಕಾದಾಗ ಮತ್ತೆ ಓದುತ್ತದೆ. ಟ್ಯಾಬ್ ಬದಲಿಸಿದಾಗ ಒಂದು ಕ್ಷಣ ಎಲ್ಲ ನಿಂತ ಹಾಗಾಗುವುದು ಅದಕ್ಕೇ. ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಪ್ರೊಸೆಸರ್ ಬೇಕಾ, ಎರಡರಷ್ಟು ರ‍್ಯಾಮ್ ಬೇಕಾ ಎಂದರೆ ನಾನು ರ‍್ಯಾಮ್ ಕಡೆಗೆ.

ಹಾರ್ಡ್ ಡಿಸ್ಕ್, ಇಎಂಎಂಸಿ, ಎಸ್‌ಎಸ್‌ಡಿ ಅಂತಾರೆ. ಏನು ವ್ಯತ್ಯಾಸ?

ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆ ಇರುತ್ತದೆ. ಡೇಟಾ ಇರುವ ಜಾಗಕ್ಕೆ ಅದರ ಸೂಜಿ ಓಡಿ ಹೋಗಿ ಓದಬೇಕು. ಪ್ರತಿ ಹುಡುಕಾಟಕ್ಕೂ ಹಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಓಡುವ ಭಾಗವೇ ಇಲ್ಲ, ಹಾಗಾಗಿ ಅದೇ ಕೆಲಸ ಮಿಲಿಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಯಂತ್ರ ಚುರುಕಾಗಿದೆ ಅನಿಸುವುದು ಮುಖ್ಯವಾಗಿ ಇದರಿಂದ. ಸ್ವಲ್ಪ ಜಾರಿ ಬಿದ್ದರೂ ಎಸ್‌ಎಸ್‌ಡಿ ತಾಳಿಕೊಳ್ಳುತ್ತದೆ, ಹಾರ್ಡ್ ಡಿಸ್ಕ್‌ಗೆ ಅದು ಕಷ್ಟ.

ಇಎಂಎಂಸಿ ಎಂದರೆ ಫೋನುಗಳಲ್ಲಿ ಹಾಕುತ್ತಿದ್ದ ಬಗೆಯ ಸ್ಟೋರೇಜ್. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 64 ಅಥವಾ 128 ಜಿಬಿಯಷ್ಟು ಇರುತ್ತದೆ, ಬೋರ್ಡ್‌ಗೆ ಬೆಸೆದಿರುತ್ತದೆ. ಕೆಟ್ಟರೆ ಸುಲಭವಾಗಿ ಬದಲಿಸೋಕೆ ಆಗಲ್ಲ. ಅದಕ್ಕೇ ಅದನ್ನು ಬಿಟ್ಟುಬಿಡಿ ಅನ್ನುತ್ತೇನೆ. ಎಸ್‌ಎಸ್‌ಡಿಯಲ್ಲಿ ಎರಡು ಬಗೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿ ಅದರ ಹಲವು ಪಟ್ಟು ಓದಬಲ್ಲದು. ದಿನದ ಕೆಲಸದಲ್ಲಿ ಆ ಎರಡರ ನಡುವಿನ ಅಂತರ ಅಷ್ಟಾಗಿ ಗೊತ್ತಾಗುವುದಿಲ್ಲ. 256 ಜಿಬಿ ಬಹಳ ಜನಕ್ಕೆ ಸಾಕು.

256 ಜಿಬಿ ಅಂತ ಕೊಟ್ರು, ಒಳಗೆ 238 ಅಂತ ತೋರಿಸ್ತಿದೆ. ಮೋಸ ಆಯ್ತಾ?

ಇಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಎರಡೂ ಒಂದೇ ಜಾಗ.

ಐ7 ಅಂದ್ರೆ ಐ5ಗಿಂತ ಒಳ್ಳೇದು ತಾನೆ?

ಇವು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ಹೆಸರು. ಒಂದೇ ಕಾಲದ, ಒಂದೇ ಸರಣಿಯ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಮಾನ್ಯವಾಗಿ ಹೌದು. ಕಾಲ ಬೇರೆಯಾದರೆ ಆ ಮಾತು ನಿಲ್ಲುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಮಾರುವವರು ಬರೀ ‘ಐ7’ ಎಂದು ಹೇಳಿ ಸುಮ್ಮನಾಗುವುದು ಇದಕ್ಕೇ.

2016ರ ಐ7-7500ಯು ಪ್ರೊಸೆಸರ್‌ನಲ್ಲಿ ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಮರುವರ್ಷ ಬಂದ ಐ5-8250ಯುನಲ್ಲಿ ನಾಲ್ಕು. ತೆಳು ಲ್ಯಾಪ್‌ಟಾಪ್‌ಗಳ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಂಟನೇ ತಲೆಮಾರು ದೊಡ್ಡ ಜಿಗಿತ. ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವೂ ಹೆಚ್ಚುಕಮ್ಮಿ ಅಲ್ಲಿಂದಲೇ ಶುರು. ಹಾಗಾಗಿ ಹಳೆಯದು ಕೊಳ್ಳುವವರಿಗೆ ನಾನು ಹಾಕುವ ಗೆರೆ ಇದು: ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಕ್ಕೆ ಹೋಗಬೇಡಿ.

ತಲೆಮಾರು ಗುರುತಿಸೋದು ಸುಲಭ, ಗೆರೆಯ ನಂತರದ ಮೊದಲ ಒಂದೆರಡು ಅಂಕಿ ನೋಡಿ. ಐ5-8250ಯು ಎಂದರೆ 8, ಐ5-1235ಯು ಎಂದರೆ 12. ಪೂರ್ತಿ ಮಾದರಿ ಸಂಖ್ಯೆ ಹೇಳಲು ಒಪ್ಪದವರ ಹತ್ತಿರ ವ್ಯಾಪಾರ ಮಾಡಬೇಡಿ.

## ಹೊಸದೋ, ಹಳೆಯದೋ

ಅದೇ ದುಡ್ಡಿಗೆ ಹೊಸದು ತಗೊಳ್ಲಾ, ಸೆಕೆಂಡ್ ಹ್ಯಾಂಡ್ ತಗೊಳ್ಲಾ?

ಬಜೆಟ್ ತೀರಾ ಬಿಗಿಯಾಗಿದ್ದರೆ, ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ ಮೂರು ನಾಲ್ಕು ವರ್ಷ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಸಿನೆಸ್ ಲ್ಯಾಪ್‌ಟಾಪ್ ಎಂದರೆ ಕಂಪನಿಗಳು ಕೆಲಸದವರಿಗೆ ಕೊಡಲು ಕೊಳ್ಳುವಂಥವು. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಇವು ಪರಿಚಿತ ಹೆಸರುಗಳು. ಕಂಪನಿಗಳು ಇವನ್ನು ನೂರಾರು ಸಂಖ್ಯೆಯಲ್ಲಿ ಕೊಂಡು ಅಥವಾ ಗುತ್ತಿಗೆಗೆ ಪಡೆದು, ಕೆಲವು ವರ್ಷಗಳ ನಂತರ ಒಟ್ಟಿಗೇ ಹೊರಹಾಕುತ್ತವೆ. ಕೆಟ್ಟಿದ್ದಕ್ಕೆ ಮಾರುವುದಲ್ಲ, ಅವಧಿ ಮುಗಿದಿದ್ದಕ್ಕೆ. ಒಂದೇ ಮಾದರಿ ರಾಶಿಗಟ್ಟಲೆ ಮಾರುಕಟ್ಟೆಗೆ ಬರುವುದರಿಂದ ಬೆಲೆ ಇಳಿಯುತ್ತದೆ. ಬಿಡಿಭಾಗಗಳೂ ವರ್ಷಗಟ್ಟಲೆ ಸಿಗುತ್ತವೆ.

ಇವನ್ನು ಕಟ್ಟಿದ ರೀತಿಯೇ ಬೇರೆ. ಹಿಂಜ್ ಗಟ್ಟಿ. ತಳದ ಮುಚ್ಚಳ ಕೆಲವೇ ಸ್ಕ್ರೂಗಳಲ್ಲಿ ಬಿಚ್ಚುತ್ತದೆ. ಬಿಚ್ಚಿ ಜೋಡಿಸುವ ಕೈಪಿಡಿಯನ್ನು ತಯಾರಕರೇ ಎಲ್ಲರಿಗೂ ಉಚಿತವಾಗಿ ಕೊಡುತ್ತಾರೆ. ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಕೀಬೋರ್ಡ್ ಮೇಲೆ ನೀರು ಚೆಲ್ಲಿದರೆ ಹರಿದುಹೋಗಲು ತಳದಲ್ಲಿ ತೂತುಗಳಿರುತ್ತವೆ.

ಹೊಸದೇ ಸರಿ ಅನ್ನುವ ಸಂದರ್ಭವೂ ಇದೆ. ನಿಮ್ಮ ಸುತ್ತಮುತ್ತ ರಿಪೇರಿ ಮಾಡುವವರಿಲ್ಲ, ಯಂತ್ರ ಕೆಟ್ಟರೆ ಕೆಲಸವೇ ನಿಲ್ಲುತ್ತದೆ, ವಾರಂಟಿ ಬಿಟ್ಟು ಬೇರೆ ಆಸರೆ ಇಲ್ಲ ಎಂದಾದರೆ ಹೊಸದನ್ನೇ ತಗೊಳ್ಳಿ. ಇಡೀ ದಿನ ಪ್ಲಗ್ ಇಲ್ಲದೆ ಓಡಾಡುವವರಿಗೂ ಹೊಸ ಬ್ಯಾಟರಿ, ಹೊಸ ಪ್ರೊಸೆಸರ್ ಹೆಚ್ಚು ಅನುಕೂಲ.

ರಿಫರ್ಬಿಶ್ಡ್ ಅಂದ್ರೂ ಸೆಕೆಂಡ್ ಹ್ಯಾಂಡ್ ಅಂದ್ರೂ ಒಂದೇ ಅಲ್ವಾ?

ರಿಫರ್ಬಿಶ್ಡ್ ಎಂದರೆ ಯಾರೋ ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಿ, ಒಂದಿಷ್ಟು ವಾರಂಟಿಯೊಂದಿಗೆ ಮಾರುವುದು. ಯಾರು ಪರೀಕ್ಷಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ತಯಾರಕರೇ ಮಾಡಿದ್ದರೆ ನಂಬಿಕೆ ಜಾಸ್ತಿ. ಬೇರೆಯವರಾದರೆ ಎರಡು ಪ್ರಶ್ನೆ ಕೇಳಿ. ಬ್ಯಾಟರಿ ಎಷ್ಟು ಶೇಕಡಾ ಉಳಿದಿದೆ? ವಾಪಸ್ ಕೊಡಲು ಎಷ್ಟು ದಿನ ಸಮಯ? ಎರಡಕ್ಕೂ ಬರಹದಲ್ಲಿ ಉತ್ತರ ಸಿಕ್ಕರೆ ಮುಂದುವರಿಯಿರಿ. ‘ಎ ಗ್ರೇಡ್’, ‘ಬಿ ಗ್ರೇಡ್’ ಅನ್ನುವುದು ಸಾಮಾನ್ಯವಾಗಿ ಹೊರಮೈಯ ಗೀರುಗಳ ಲೆಕ್ಕ. ಒಳಗಿನ ಆರೋಗ್ಯದ ಬಗ್ಗೆ ಅದು ಏನೂ ಹೇಳದಿರಬಹುದು.

ಹಳೇದು ಕೊಳ್ಳೋವಾಗ ಕೈಗೆ ಅರ್ಧ ಗಂಟೆ ಸಿಕ್ಕರೆ ಏನೇನು ಚೆಕ್ ಮಾಡ್ಲಿ?

ಅರ್ಧ ಗಂಟೆ ಒಳ್ಳೆ ಸಮಯ. ಆತುರ ಮಾಡಿಸುವವರಿದ್ದರೆ ಎದ್ದು ಬನ್ನಿ.

ಮೊದಲು ಪರದೆಯನ್ನು ನಿಧಾನವಾಗಿ ಪೂರ್ತಿ ತೆರೆದು ಮುಚ್ಚಿ. ಹಿಂಜ್ ಹತ್ತಿರ ಕಿರ್ ಎನ್ನುವುದು, ಮೂಲೆಯ ಪ್ಲಾಸ್ಟಿಕ್ ಬಾಯಿಬಿಡುವುದು ಕಂಡರೆ ಬೇಡ. ಲ್ಯಾಪ್‌ಟಾಪನ್ನು ಸಮತಟ್ಟು ಮೇಜಿನ ಮೇಲಿಟ್ಟು ನೋಡಿ. ಅದು ಅಲ್ಲಾಡಿದರೆ, ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ ಹಾಗಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದು ಅಪಾಯ, ಮುಂದೆ ಚಾರ್ಜ್ ಕೂಡ ಮಾಡಬಾರದು.

ಆಮೇಲೆ ಖಾಲಿ ಡಾಕ್ಯುಮೆಂಟ್ ತೆರೆದು ಪ್ರತಿಯೊಂದು ಕೀ ಒತ್ತಿ. ಪ್ರತಿಯೊಂದು ಪೋರ್ಟಿಗೂ ಒಂದು ಪೆನ್‌ಡ್ರೈವ್ ಹಾಕಿ ನೋಡಿ. ಕ್ಯಾಮೆರಾ, ಮೈಕು, ಸ್ಪೀಕರ್, ವೈಫೈ ನೋಡಿ. ಪರದೆಗೆ ಪೂರ್ತಿ ಬಿಳಿ ಚಿತ್ರ, ಪೂರ್ತಿ ಕಪ್ಪು ಚಿತ್ರ ಹಾಕಿದರೆ ಕಲೆ, ಸತ್ತ ಚುಕ್ಕಿ ಕಣ್ಣಿಗೆ ಬೀಳುತ್ತವೆ. ಚಾರ್ಜರ್ ಪಿನ್ ಅಲ್ಲಾಡಿಸಿದಾಗ ಚಾರ್ಜಿಂಗ್ ನಿಂತು ನಿಂತು ಬಂದರೆ ಪೋರ್ಟ್ ಸಡಿಲವಾಗಿದೆ.

ಇನ್ನು ಒಳಗಿನದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋದರೆ ಪ್ರೊಸೆಸರ್‌ನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಲ್ಲ ಕಾಣುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ ಆರೋಗ್ಯ, ಅದು ಓಡಿದ ಗಂಟೆ ತೋರಿಸುತ್ತದೆ. ಬ್ಯಾಟರಿಗೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡ್ (powercfg /batteryreport) ಬಳಸಿ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಎರಡು ಸಂಖ್ಯೆ ಮುಖ್ಯ: ಹೊಸದಾಗಿದ್ದಾಗಿನ ಸಾಮರ್ಥ್ಯ, ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ. ಮೊದಲನೆಯದು 50,000, ಎರಡನೆಯದು 35,000 ಇದ್ದರೆ 70 ಶೇಕಡಾ ಉಳಿದಿದೆ ಎಂದರ್ಥ. ಅದಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಕೊನೆಯ ಹತ್ತು ನಿಮಿಷ ಒಂದು ದೊಡ್ಡ ರೆಸಲ್ಯೂಷನ್‌ನ ವಿಡಿಯೋ ಓಡಿಸಿ, ಕೈಯನ್ನು ಗಾಳಿ ಹೊರಬರುವ ಕಿಂಡಿಯ ಹತ್ತಿರ ಹಿಡಿಯಿರಿ. ಬಿಸಿಗಾಳಿ ಬಂದರೆ ಒಳ್ಳೆಯದು. ಯಂತ್ರದ ಮೈ ಸುಡುತ್ತಿದೆ, ಗಾಳಿ ಬರುತ್ತಿಲ್ಲ ಎಂದರೆ ಫ್ಯಾನ್ ಕೆಟ್ಟಿದೆ ಅಥವಾ ಧೂಳು ಕಟ್ಟಿದೆ.

ಕಂಪನಿಯ ಹಳೇ ಲ್ಯಾಪ್‌ಟಾಪ್ ಕೊಂಡ್ರೆ ಲಾಕ್ ಆಗುತ್ತೆ ಅಂತಾರೆ, ನಿಜಾನಾ?

ನಿಜ. ಇದನ್ನು ಲಘುವಾಗಿ ತಗೋಬೇಡಿ.

ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ದೂರದಿಂದ ನಿರ್ವಹಿಸಲು ನೋಂದಾಯಿಸಿರುತ್ತವೆ. ವಿಂಡೋಸ್‌ನಲ್ಲಿ ಅದಕ್ಕೆ ಆಟೋಪೈಲಟ್ ಎಂಬ ವ್ಯವಸ್ಥೆ ಇದೆ. ಮಾರುವಾಗ ನೋಂದಣಿ ತೆಗೆಯದಿದ್ದರೆ, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರೂ ಇಂಟರ್ನೆಟ್ ಸಿಕ್ಕ ಕೂಡಲೇ ಅದು ಹಳೆಯ ಕಂಪನಿಯ ಹೆಸರು ತೋರಿಸಿ ಅವರ ಖಾತೆ ಕೇಳುತ್ತದೆ. ಮ್ಯಾಕ್‌ಬುಕ್‌ಗಳಲ್ಲಿ ರಿಮೋಟ್ ಮ್ಯಾನೇಜ್‌ಮೆಂಟ್ ಮತ್ತು ಆ್ಯಕ್ಟಿವೇಷನ್ ಲಾಕ್ ಇದೇ ರೀತಿ ಅಡ್ಡ ನಿಲ್ಲುತ್ತವೆ.

ಪರೀಕ್ಷೆ ಹೀಗೆ. ದುಡ್ಡು ಕೊಡುವ ಮುಂಚೆ ನಿಮ್ಮೆದುರೇ ಯಂತ್ರವನ್ನು ರೀಸೆಟ್ ಮಾಡಿಸಿ. ಸೆಟಪ್ ಹೊತ್ತಲ್ಲಿ ನಿಮ್ಮ ಫೋನಿನ ಇಂಟರ್ನೆಟ್ ಕೊಡಿ. ಬೇರೆ ಯಾರದ್ದೋ ಹೆಸರು ಬಾರದೆ ಡೆಸ್ಕ್‌ಟಾಪ್ ತನಕ ಹೋದರೆ ಸರಿ. ಜೊತೆಗೆ ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್) ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ, ಮಾರುವವರಿಗೆ ಅದು ಗೊತ್ತಿಲ್ಲದಿದ್ದರೆ, ಬಿಟ್ಟುಬಿಡಿ. ಕೆಲವು ಮಾದರಿಗಳಲ್ಲಿ ಆ ಪಾಸ್‌ವರ್ಡ್ ಕಳೆದುಹೋದರೆ ಮದರ್‌ಬೋರ್ಡ್ ಬದಲಿಸುವುದೊಂದೇ ಅಧಿಕೃತ ದಾರಿ. ಕದ್ದ ಮಾಲು ಇರುವ ಸಾಧ್ಯತೆಯೂ ಇದೆ, ಆದ್ದರಿಂದ ರಸೀದಿ ಕೇಳೋಕೆ ಸಂಕೋಚ ಬೇಡ.

ವಿಂಡೋಸ್ 10 ಇರೋ ಲ್ಯಾಪ್‌ಟಾಪ್ ತುಂಬಾ ಅಗ್ಗಕ್ಕೆ ಸಿಗ್ತಿದೆ. ತಗೊಳ್ಲಾ?

ಮೊದಲು ಅದು ಯಾಕೆ ಅಗ್ಗ ಅಂತ ತಿಳಿಯಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸುರಕ್ಷತೆಯ ಅಪ್‌ಡೇಟ್ ಬಾರದ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾಡಬಾರದು. ವಿಂಡೋಸ್ 11 ಅಧಿಕೃತವಾಗಿ ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಬೇಕು. ಎರಡೂ ಇದ್ದರೆ ಅಪ್‌ಗ್ರೇಡ್ ಉಚಿತ, ಧೈರ್ಯವಾಗಿ ತಗೊಳ್ಳಿ.

ಇಲ್ಲದಿದ್ದರೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಇದೆ. ಅದರ ಬಗೆಗಳಾದ ಲಿನಕ್ಸ್ ಮಿಂಟ್, ಉಬುಂಟು ಎರಡೂ ಉಚಿತ. ದೀರ್ಘಾವಧಿಯ ಆವೃತ್ತಿಗಳಿಗೆ ಐದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಬ್ರೌಸರ್, ಬರವಣಿಗೆ, ವಿಡಿಯೋ ಕರೆ ಎಲ್ಲ ನಡೆಯುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಓಡುವ ಲೆಕ್ಕಪತ್ರದ ಅಥವಾ ಪರೀಕ್ಷೆಯ ತಂತ್ರಾಂಶ ಬೇಕಿದ್ದರೆ ಈ ದಾರಿ ಹಿಡಿಯಬೇಡಿ.

## ಬಾಳಿಕೆ ಬಗ್ಗೆ

ಯಾವ ಕಂಪನಿದು ಕೆಡಲ್ಲ? ಒಂದು ಹೆಸರು ಹೇಳಿ ಸಾಕು.

ಒಂದು ಹೆಸರು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ದೊಡ್ಡ ಕಂಪನಿಗಳೆಲ್ಲ ಗಟ್ಟಿ ಲ್ಯಾಪ್‌ಟಾಪೂ ಮಾಡುತ್ತವೆ, ತೀರಾ ಸಡಿಲವಾದದ್ದನ್ನೂ ಮಾಡುತ್ತವೆ. ಬ್ರ್ಯಾಂಡ್ ಬಿಟ್ಟು ಸರಣಿ ನೋಡಿ, ಸರಣಿ ನೋಡಿದ ಮೇಲೆ ಮಾದರಿ ನೋಡಿ.

ಥಿಂಕ್‌ಪ್ಯಾಡ್ ಟಿ480 ಮತ್ತು ಟಿ480ಎಸ್ ಎರಡೂ 2018ರವು. ಮೊದಲನೆಯದರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್, ಹೊರಗಿನಿಂದಲೇ ಬಿಚ್ಚಬಹುದಾದ ಬ್ಯಾಟರಿ. ಎರಡನೆಯದು ತೆಳುವಾಗಿದೆ, ಅದರಲ್ಲಿ ಒಂದಿಷ್ಟು ರ‍್ಯಾಮ್ ಬೆಸೆದಿದೆ, ಸ್ಲಾಟ್ ಒಂದೇ. ಕೊನೆಯ ಒಂದು ಅಕ್ಷರಕ್ಕೆ ಇಷ್ಟು ಅಂತರ. ಹೆಸರು ಬದಲಾಗುವುದೂ ಉಂಟು: ಡೆಲ್ 2025ರಲ್ಲಿ ಲ್ಯಾಟಿಟ್ಯೂಡ್ ಹೆಸರನ್ನು ಕೈಬಿಟ್ಟು ಹೊಸ ಮಾದರಿಗಳಿಗೆ ಡೆಲ್ ಪ್ರೋ ಎಂದು ಕರೆಯಲು ಶುರು ಮಾಡಿತು.

ಮಾದರಿಯ ಹೆಸರಿನ ಜೊತೆ ‘ಹಿಂಜ್’, ‘ಬ್ಯಾಟರಿ’, ‘ಬಿಚ್ಚುವುದು’ ಎಂದು ಸೇರಿಸಿ ಹುಡುಕಿ. ಒಂದು ವರ್ಷ ಬಳಸಿದವರ ಮಾತು ಮೊದಲ ವಾರದ ಹೊಗಳಿಕೆಗಿಂತ ಹೆಚ್ಚು ಉಪಯೋಗ.

ಮಿಲಿಟರಿ ಗ್ರೇಡ್ ಅಂತ ಸ್ಟಿಕ್ಕರ್ ಇದೆ. ಬಿದ್ರೂ ಏನಾಗಲ್ವಾ?

ಬಿದ್ದರೆ ಆಗುತ್ತದೆ. ಆ ಸ್ಟಿಕ್ಕರ್ ಹೇಳುವುದು ಅಮೆರಿಕದ ರಕ್ಷಣಾ ಇಲಾಖೆಯ ಮಿಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ವಿಧಾನಗಳ ಬಗ್ಗೆ. ಅದರಲ್ಲಿ ಬಿಸಿ, ತಂಪು, ಧೂಳು, ಕಂಪನ, ಹೊಡೆತ ಹೀಗೆ ಬಹಳ ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕು, ಎಷ್ಟು ಕಠಿಣವಾಗಿ ಮಾಡಬೇಕು ಎಂದು ತಯಾರಕರೇ ಆರಿಸಿಕೊಳ್ಳುತ್ತಾರೆ. ಪಾಸಾಗಿದೆ ಎಂದು ಪ್ರಮಾಣಪತ್ರ ಕೊಡುವ ಒಂದು ಕೇಂದ್ರ ಸಂಸ್ಥೆ ಇಲ್ಲ. ಸ್ಟಿಕ್ಕರ್ ಇದ್ದರೆ ತಪ್ಪಿಲ್ಲ, ಅದಕ್ಕೆಂದು ಜಾಸ್ತಿ ದುಡ್ಡು ಕೊಡಬೇಡಿ.

ಎಲ್ಲರ ಲ್ಯಾಪ್‌ಟಾಪೂ ಹಿಂಜ್ ಹತ್ರಾನೇ ಯಾಕೆ ಮುರಿಯುತ್ತೆ?

ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್ ಲೋಹದ್ದೇ ಇರುತ್ತದೆ. ಅದನ್ನು ಹಿಡಿದಿರುವ ಸ್ಕ್ರೂಗಳು ಮಾತ್ರ ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಸಣ್ಣ ಹಿತ್ತಾಳೆ ಬಿಲ್ಲೆಗಳಿಗೆ ಕಚ್ಚಿಕೊಂಡಿರುತ್ತವೆ. ದಿನಕ್ಕೆ ಹಲವು ಸಲ ತೆರೆದಾಗ ಬೀಳುವ ಬಲವೆಲ್ಲ ಆ ಪ್ಲಾಸ್ಟಿಕ್ ಮೇಲೆ. ವರ್ಷಗಳು ಕಳೆದಂತೆ ಹಿಂಜ್ ಬಿಗಿಯಾಗುತ್ತದೆ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಒಂದು ದಿನ ಬಿಲ್ಲೆ ಕಿತ್ತು ಬರುತ್ತದೆ.

ಕೊಳ್ಳುವಾಗ ಪರದೆಯ ಒಂದು ಮೂಲೆ ಹಿಡಿದು ತೆರೆದು ನೋಡಿ. ಪರದೆ ತಿರುಚಿದ ಹಾಗಾದರೆ ಅದು ಒಳ್ಳೆ ಲಕ್ಷಣವಲ್ಲ. ಬಳಸುವಾಗ ನಡುವೆ ಹಿಡಿದೇ ತೆರೆಯಿರಿ. ಬಿರುಕು ಕಂಡ ಕೂಡಲೇ ರಿಪೇರಿಗೆ ಕೊಡಿ. ತಡ ಮಾಡಿದರೆ ಪರದೆಯ ಕೇಬಲ್ ಕೂಡ ಹರಿಯುತ್ತದೆ, ಆಗ ಖರ್ಚು ಇಮ್ಮಡಿ.

ಹತ್ತು ಗಂಟೆ ಬ್ಯಾಟರಿ ಅಂತ ಬರೆದಿರ್ತಾರೆ. ನಂಬ್ಬಹುದಾ?

ಗಂಟೆಯ ಲೆಕ್ಕ ಬಿಡಿ, ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆಯಾದ ವ್ಯಾಟ್-ಅವರ್ ನೋಡಿ. ಬ್ಯಾಟರಿ 40 ವ್ಯಾಟ್-ಅವರ್ ಇದೆ, ನಿಮ್ಮ ಕೆಲಸಕ್ಕೆ ಯಂತ್ರ ಸರಾಸರಿ 8 ವ್ಯಾಟ್ ತಿನ್ನುತ್ತದೆ ಎಂದರೆ 5 ಗಂಟೆ. ಕಂಪನಿಯವರು ಪರದೆಯ ಬೆಳಕು ಇಳಿಸಿ, ಹಗುರ ಕೆಲಸ ಮಾಡಿಸಿ ಅಳೆದಿರುತ್ತಾರೆ. ಒಂದೇ ಬೆಲೆಯ ಎರಡರಲ್ಲಿ ಒಂದಕ್ಕೆ 38, ಇನ್ನೊಂದಕ್ಕೆ 50 ವ್ಯಾಟ್-ಅವರ್ ಇದ್ದರೆ ಎರಡನೆಯದಕ್ಕೆ ನನ್ನ ಓಟು.

ಯಾವಾಗಲೂ ಚಾರ್ಜರ್ ಹಾಕೇ ಇಟ್ರೆ ಬ್ಯಾಟರಿ ಹಾಳಾಗುತ್ತಾ?

ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಬಿಸಿಯಲ್ಲಿ, ತಿಂಗಳುಗಟ್ಟಲೆ ಇದ್ದರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಇದೆ, ತಯಾರಕರ ಆ್ಯಪ್‌ನಲ್ಲಿ ಅಥವಾ ಬಯೋಸ್‌ನಲ್ಲಿ. ಮೇಜಿನ ಮೇಲೇ ಬಳಸುವವರು ಅದನ್ನು ಹಾಕಿಕೊಳ್ಳಿ. ಹೊರಗೆ ಹೋಗುವ ದಿನ ತೆಗೆದರಾಯಿತು.

ಪರದೆಯಲ್ಲಿ ಏನು ನೋಡ್ಬೇಕು? ಎಲ್ಲಾ ಒಂದೇ ಥರ ಕಾಣುತ್ತೆ.

ನಾಲ್ಕು ಸಂಗತಿ. ರೆಸಲ್ಯೂಷನ್ 1920×1080 ಇರಲಿ. 1366×768 ಇದ್ದರೆ ಅಕ್ಷರ ಒರಟು, ಜಾಗ ಇಕ್ಕಟ್ಟು. ಪ್ಯಾನೆಲ್ ಐಪಿಎಸ್ ಇರಲಿ. ಟಿಎನ್ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ಆಚೀಚೆ ಮಾಡಿದರೆ ಬಣ್ಣ ಬದಲಾಗುತ್ತದೆ. ಬೆಳಕು 250 ನಿಟ್ಸ್ ಇದ್ದರೆ ಮನೆಯೊಳಗೆ ಸಾಕು, ಕಿಟಕಿ ಪಕ್ಕ ಕೂರುವವರಿಗೆ 300ಕ್ಕಿಂತ ಮೇಲಿರಲಿ. ಕೊನೆಯದು ಬಣ್ಣ. 45 ಶೇಕಡಾ ಎನ್‌ಟಿಎಸ್‌ಸಿ (ಪರದೆ ತೋರಿಸಬಲ್ಲ ಬಣ್ಣಗಳ ಅಳತೆ) ಎಂದು ಬರೆದಿದ್ದರೆ ಬಣ್ಣ ಮಂಕು. ಓದು ಬರಹಕ್ಕೆ ಅಡ್ಡಿಯಿಲ್ಲ, ಫೋಟೋ ಕೆಲಸಕ್ಕೆ ಬೇಡ.

ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಲಾ?

ಅದರಲ್ಲಿ ಏನು ಸೇರಿದೆ ಅನ್ನುವುದರ ಮೇಲೆ ಹೋಗುತ್ತದೆ. ಸಾಮಾನ್ಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದರೆ, ನೀರು ಚೆಲ್ಲಿದರೆ ಅದು ನಡೆಯುವುದಿಲ್ಲ. ವಿಸ್ತರಣೆಯೂ ಹಾಗೇ ಇದ್ದರೆ, ಆ ದುಡ್ಡನ್ನು ಹೊಸ ಬ್ಯಾಟರಿಗೆ ತೆಗೆದಿಡಿ. ಆಕಸ್ಮಿಕ ಹಾನಿಯೂ ಸೇರಿದ್ದರೆ, ಮಕ್ಕಳು ಬಳಸುವ ಅಥವಾ ದಿನಾ ಹೊತ್ತೊಯ್ಯುವ ಯಂತ್ರಕ್ಕೆ ಉಪಯೋಗ ಇದೆ. ರಿಪೇರಿಯವರು ನಿಮ್ಮಲ್ಲಿಗೇ ಬರುತ್ತಾರಾ, ನೀವೇ ಒಯ್ದು ಕೊಡಬೇಕಾ ಎಂದೂ ಕೇಳಿ. ಮತ್ತೊಂದು ಮಾತು: ಬ್ಯಾಟರಿಗೆ ಹಲವು ಕಡೆ ಪ್ರತ್ಯೇಕವಾದ, ಚಿಕ್ಕ ವಾರಂಟಿ ಇರುತ್ತದೆ.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ರೈಜನ್ 5 7520ಯು ಮತ್ತೆ 7530ಯು, ಹತ್ತೇ ನಂಬರ್ ವ್ಯತ್ಯಾಸ ಅಲ್ವಾ?

ಸಂಖ್ಯೆಯಲ್ಲಿ ಹತ್ತು, ಒಳಗೆ ಬಹಳ. ರೈಜನ್ ತಯಾರಿಸುವ ಎಎಂಡಿ ಕಂಪನಿಯ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೊದಲ ಅಂಕಿ ಮಾದರಿಯ ವರ್ಷ ಹೇಳುತ್ತದೆ, ಮೂರನೆಯ ಅಂಕಿ ಒಳಗಿನ ವಿನ್ಯಾಸ ಹೇಳುತ್ತದೆ. 7520ಯುನಲ್ಲಿ ಆ ಅಂಕಿ 2, ಅಂದರೆ ಹಳೆಯ ಜೆನ್ 2 ವಿನ್ಯಾಸ, ನಾಲ್ಕು ಕೋರ್. 7530ಯುನಲ್ಲಿ 3, ಅಂದರೆ ಜೆನ್ 3, ಆರು ಕೋರ್. ಸಾಲದ್ದಕ್ಕೆ 7520ಯು ಇರುವ ಯಂತ್ರಗಳಲ್ಲಿ ರ‍್ಯಾಮ್ ಬೆಸೆದೇ ಇರುತ್ತದೆ. ಎರಡೂ ಹೊಸ ಹೆಸರಿನಲ್ಲೇ ಮಾರಾಟಕ್ಕಿರುತ್ತವೆ, ಬೆಲೆಯೂ ಹತ್ತಿರವೇ ಇರಬಹುದು.

ಇಂಟೆಲ್ ಕಡೆ ಇಂಥದ್ದೇ ಜಾಗರೂಕತೆ ಬೇಕಾದ್ದು ಎನ್100 ಹೆಸರಿನಲ್ಲಿ. ಅದರಲ್ಲಿರುವ ನಾಲ್ಕೂ ಮಿತವ್ಯಯದ ಸಣ್ಣ ಕೋರ್‌ಗಳು. ಟೈಪಿಂಗ್, ವಿಡಿಯೋ ನೋಡುವುದು ಇಷ್ಟಕ್ಕೆ ಪರವಾಗಿಲ್ಲ. ಐ3-1215ಯುನಲ್ಲಿ ಎರಡು ದೊಡ್ಡ, ನಾಲ್ಕು ಸಣ್ಣ ಕೋರ್‌ಗಳಿವೆ. ಬೆಲೆಯಲ್ಲಿ ಸ್ವಲ್ಪವೇ ಅಂತರ ಇದ್ದರೆ ಇದನ್ನೇ ಆರಿಸಿ.

8 ಜಿಬಿಯ ಒಂದು ರ‍್ಯಾಮ್ ಒಳ್ಳೇದಾ, 4 ಜಿಬಿಯ ಎರಡು ಒಳ್ಳೇದಾ?

ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೇ ಡೇಟಾ ಎಳೆಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಚಿತ್ರದ ಕೆಲಸಕ್ಕೂ ಇದೇ ರ‍್ಯಾಮ್ ಬೇಕು, ಹಾಗಾಗಿ ಗೇಮ್, ಎಡಿಟಿಂಗ್‌ನಲ್ಲಿ ವೇಗ ಗೊತ್ತಾಗುತ್ತದೆ. ಆದರೂ ಬಜೆಟ್ ಖರೀದಿಗೆ ನಾನು ಹೇಳುವುದು 8 ಜಿಬಿಯ ಒಂದು ಕಡ್ಡಿ, ಪಕ್ಕದಲ್ಲಿ ಖಾಲಿ ಸ್ಲಾಟ್. ನಾಳೆ ಇನ್ನೊಂದು 8 ಸೇರಿಸಿದರೆ 16 ಆಗುತ್ತದೆ, ಯಾವುದನ್ನೂ ಎಸೆಯಬೇಕಿಲ್ಲ. ಹಳೆಯ ಬಗೆಯ ಡಿಡಿಆರ್4 ರ‍್ಯಾಮ್‌ನ ಸ್ಲಾಟಿಗೆ ಹೊಸ ಬಗೆಯ ಡಿಡಿಆರ್5 ಕೂರುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್ ಇರೋದು ತಗೊಂಡ್ರೆ ಮುಂದಕ್ಕೆ ಒಳ್ಳೇದಲ್ವಾ?

ಬಳಸದಿದ್ದರೆ ಬೇಡ. ಕಡಿಮೆ ಬೆಲೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಡಬೇಕೆಂದರೆ ತಯಾರಕರು ಪರದೆ, ಕವಚ, ಬ್ಯಾಟರಿ ಇಂಥ ಕಡೆ ಕೈಬಿಗಿ ಮಾಡಬೇಕಾಗುತ್ತದೆ. ಬಿಸಿ, ತೂಕ ಜಾಸ್ತಿ. ಗೇಮ್ ಅಥವಾ ಎಡಿಟಿಂಗ್ ನಿಮ್ಮ ನಿಜವಾದ ಕೆಲಸವಾದರೆ ಮಾತ್ರ ಆ ದಾರಿ.

ಹಳೇ ಮ್ಯಾಕ್‌ಬುಕ್ ಅಥವಾ ಕ್ರೋಮ್‌ಬುಕ್ ಹೇಗೆ?

ಮ್ಯಾಕ್‌ಬುಕ್ ಆದರೆ 2020ರ ನವೆಂಬರ್‌ನಲ್ಲಿ ಬಂದ ಎಂ1 ಮಾದರಿಯಿಂದ ಈಚಿನದು ಮಾತ್ರ. ಇಂಟೆಲ್ ಪ್ರೊಸೆಸರ್‌ನ ಮ್ಯಾಕ್‌ಗಳಿಗೆ 2025ರ ಮ್ಯಾಕ್‌ಓಎಸ್ ಟಾಹೋ ಆವೃತ್ತಿಯೇ ಕೊನೆ ಎಂದು ಆ್ಯಪಲ್ ಹೇಳಿದೆ. ಎಂ1 ಏರ್‌ನಲ್ಲಿ ಫ್ಯಾನೇ ಇಲ್ಲ, ಸದ್ದಿಲ್ಲ, ಬ್ಯಾಟರಿ ಚೆನ್ನಾಗಿ ಬರುತ್ತದೆ. ಆದರೆ ರ‍್ಯಾಮ್, ಸ್ಟೋರೇಜ್ ಎರಡೂ ಬೆಸೆದಿವೆ, ರಿಪೇರಿ ದುಬಾರಿ.

ಕ್ರೋಮ್‌ಬುಕ್‌ಗೆ, ಅಂದರೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್‌ಗೆ, ಅಪ್‌ಡೇಟ್ ಮುಗಿಯುವ ದಿನಾಂಕ ಇರುತ್ತದೆ. 2021ರಿಂದ ಬಂದ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿತು. ಆ ಎಣಿಕೆ ನೀವು ಕೊಂಡ ದಿನದಿಂದಲ್ಲ, ಆ ಹಾರ್ಡ್‌ವೇರ್ ಮೊದಲು ಹೊರಬಂದ ದಿನದಿಂದ. ಕೊಳ್ಳುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ನೋಡಿ. ಎಲ್ಲ ಕೆಲಸ ಬ್ರೌಸರ್‌ನಲ್ಲೇ ಆಗುವವರಿಗೆ ಒಳ್ಳೆ ಆಯ್ಕೆ.

ನನ್ನ ಹಳೇ ಲ್ಯಾಪ್‌ಟಾಪ್ ನಿಧಾನ ಆಗಿದೆ. ಹೊಸದು ಕೊಳ್ಳದೆ ಇದನ್ನೇ ಸರಿ ಮಾಡ್ಕೋಬಹುದಾ?

ಬಹಳ ಸಲ ಆಗುತ್ತದೆ. ದುಡ್ಡು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಇದೊಂದರಿಂದಲೇ ಯಂತ್ರ ಬೇರೆಯೇ ಅನಿಸುತ್ತದೆ. ಹಳೆಯ ಯಂತ್ರಗಳಲ್ಲಿ 2.5 ಇಂಚಿನ ಸಾಟಾ ಜಾಗ ಇರುತ್ತದೆ, ಈಚಿನವುಗಳಲ್ಲಿ ಎಂ.2 ಸ್ಲಾಟ್. ಎಂ.2ನಲ್ಲಿ ಉದ್ದ ಮುಖ್ಯ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಿಗೆ 2242 ಅಥವಾ 2230 ಮಾತ್ರ ಹಿಡಿಸುತ್ತದೆ.

ಆಮೇಲೆ ಬಿಸಿ. ಪ್ರೊಸೆಸರ್ ಮಿತಿ ಮೀರಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ನಾಲ್ಕೈದು ವರ್ಷದ ಯಂತ್ರದ ಫ್ಯಾನ್ ರೆಕ್ಕೆಗಳ ಮುಂದೆ ಧೂಳು ದಪ್ಪ ಬಟ್ಟೆಯ ಹಾಗೆ ಕೂತಿರುತ್ತದೆ. ಅದನ್ನು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ದಾಟಿಸುವ ಲೇಪ) ಬದಲಿಸಿದರೆ ಕಳೆದ ವೇಗ ಬಹುಪಾಲು ವಾಪಸ್ ಬರುತ್ತದೆ. ಸ್ಲಾಟ್ ಇದ್ದರೆ ರ‍್ಯಾಮ್ ಸೇರಿಸಿ. ಎಸ್‌ಎಸ್‌ಡಿ ಹಾಕಿಸುವ ಮುಂಚೆ ನಿಮ್ಮ ಫೋಟೋ, ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

ಯಾವಾಗ ಬೇಡ? ಮದರ್‌ಬೋರ್ಡ್ ಹೋಗಿದ್ದರೆ, ಹಿಂಜ್ ಮತ್ತು ಪರದೆ ಎರಡೂ ಮುರಿದಿದ್ದರೆ, ಅಥವಾ ರಿಪೇರಿಗೆ ಕೇಳುವ ಒಟ್ಟು ಮೊತ್ತ ಎಂಟನೇ ತಲೆಮಾರಿನ ಒಂದು ಒಳ್ಳೆ ರಿಫರ್ಬಿಶ್ಡ್ ಯಂತ್ರದ ಅರ್ಧ ಬೆಲೆ ದಾಟಿದರೆ. ಆಗಲೂ ಹಳೆಯದರ ಎಸ್‌ಎಸ್‌ಡಿ ಬಿಚ್ಚಿಸಿ ಇಟ್ಟುಕೊಳ್ಳಿ. ಒಂದು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿದರೆ ಅದೇ ನಿಮ್ಮ ಬ್ಯಾಕಪ್ ಡ್ರೈವ್.